ಎಡಗಡೆ ಇಂಡಿಕೇಟರ್

ಭಾವಮೈದುನನ ಕಾರು. ಎಡಗಡೆ ಇಂಡಿಕೇಟರ್ ಸತ್ತು
ಎರಡು ಯುಗಾದಿ ಆಯಿತಂತೆ.
"ನಾನು ಕುಂತಿರ್ತೀನಲ್ಲ, ಕೈ ತೋರಿಸ್ತೀನಿ ಬುಡಿ"
ಎಂದಳು ಚನ್ನಾಜ, ಕಿಟಕಿ ಇಳಿಸಿ,
ವಾಂತಿ ಬಂದರೆ ಮೂಸಲು ತಂದ ನಿಂಬೆಹಣ್ಣು
ಬೆರಳ ನಡುವೆ ಹಿಡಿದು.

ಮದುವೆಯಾಗಿ ಹದಿನಾಲ್ಕು ವರ್ಷ.
ಮಂಡ್ಯದಿಂದ ನಾವು ಜೊತೆಗೆ ಹೊರಟಿದ್ದೆಲ್ಲ
ಯಾರದೋ ಮದುವೆಗೆ, ಯಾರದೋ ತಿಥಿಗೆ.
ಇವತ್ತು ಯಾರೂ ಕರೆದಿಲ್ಲ.
ಕಲ್ಲು ನೋಡಲು ಹೊರಟೆವು ಅಂದರೆ ಎದುರುಮನೆಯಾಕೆ
"ಅಡಿಪಾಯಕ್ಕಾ, ಕಾಂಪೌಂಡಿಗಾ?" ಅಂದಳು.

ಶ್ರೀರಂಗಪಟ್ಟಣ. ಹೊಳೆ ಪಕ್ಕ ಇಂಗ್ಲಿಷರ ಗೋರಿಗಳು.
ಗೇಟಿನವನು ಬೀಗ ತೆಗೆದು ಬೀಡಿ ಹಚ್ಚಿದ.
ನಾನು ಕರೆಂಟಿನ ಮೀಟರ್ ಓದುವವನು;
ಕಣ್ಣಿಗೆ ಎರಡು ಅಂಕಿ ಬಿದ್ದರೆ ಸಾಕು
ತಲೆ ತಾನಾಗಿ ಕಳೆಯುತ್ತದೆ,
ಈ ತಿಂಗಳದರಲ್ಲಿ ಹೋದ ತಿಂಗಳದನ್ನು,
ಸತ್ತ ಇಸವಿಯಲ್ಲಿ ಹುಟ್ಟಿದ್ದನ್ನು:
ಇಪ್ಪತ್ತಾರು. ಮೂವತ್ತೊಂದು. ಹತ್ತೊಂಬತ್ತು.
ಒಂದು ಪುಟ್ಟ ಹಲಗೆಯಲ್ಲಿ ಬರೀ ಹನ್ನೊಂದು ತಿಂಗಳು.
"ಮಿನಿಮಮ್ ಚಾರ್ಜೂ ಬರಲ್ಲ" ಅಂದೆ.
ಅವಳು ನಗಲಿಲ್ಲ.
ನನಗೂ ಆಮೇಲೆ ನಾಲಿಗೆ ಕಹಿಯಾಯಿತು.

ಗೆದ್ದವರಂತೆ ಇವರು. ಗೆದ್ದ ಊರಲ್ಲೇ
ಜ್ವರ ಬಂದು ಮಲಗಿದವರು.
ಕಾವೇರಿ ಎನ್ನಲು ನಾಲಿಗೆ ಹೊರಳದ ಯಾವನೋ ಹುಡುಗ
ಇನ್ನೂರು ವರ್ಷದಿಂದ
ದಿನಾ ಅದನ್ನೇ ಕೇಳಿಸಿಕೊಳ್ಳುತ್ತಿದ್ದಾನೆ.
ಚನ್ನಾಜ ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು
"ಏನಂತ ಬರ್ದವ್ರೆ?"
ಬಂದಷ್ಟು ಓದಿದೆ: ಇಂಥವನ ಪ್ರೀತಿಯ ಮಡದಿ.
"ಅವಳ ಹೆಸ್ರು?"
ಹೆಸರಿದ್ದ ಕಡೆ ಗಾರೆ ಉದುರಿತ್ತು.

ಪಾಂಡವಪುರದ ದಾರಿಯಲ್ಲಿ ಜಗಳ.
ಮೊದಲು ಹಿರೋಡೆ; ಫ್ರೆಂಚರು ಬೀಡುಬಿಟ್ಟರೆಂದು
ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್;
ಆಮೇಲೆ ಐವರು ಅಣ್ಣತಮ್ಮಂದಿರ ಹೆಸರು.
"ಬಂಡೆ ಮಾತ್ರ ಅದೇ" ಅಂತ ನಾನು ದೊಡ್ಡದಾಗಿ ಹೇಳುವಾಗಲೇ
ತಿರುವು ತಪ್ಪಿತು.
"ಎಡಕ್ಕೆ ಅಂತ ಆಗ್ಲಿಂದ ಕೈ ಚಾಚ್ಕಂಡು ಕುಂತಿವ್ನಿ.
ಹಿಂದ್ಲ ಟ್ರ್ಯಾಕ್ಟರ್‌ನೋನಿಗೆ ಕಾಣ್ತದೆ, ನಿಮ್ಗೆ ಕಾಣಕಿಲ್ವ?"
ಎರಡು ಮೈಲಿ ಮಾತಿಲ್ಲ. ಮುಂದೆ ಕಬ್ಬಿನ ಲಾರಿ,
ಗಾಜಿನ ಮೇಲೆ ಅದರ ಗರಿ.

ತಪ್ಪಿದ ದಾರಿಯಲ್ಲೇ ಸಿಕ್ಕಿತು ಆ ಕಲ್ಲು.
ಕೆರೆ ಏರಿಯ ಕೆಳಗೆ, ಬೆರಣಿ ತಟ್ಟಿದ ಗೋಡೆಗೆ ಒರಗಿ
ಒಂದು ಕಂಬ; ಕಂಬದಿಂದ ಹೊರಟ ತೋಳು;
ಮೊಣಕೈ ಮಡಿಸಿ, ಹಸ್ತ ಮೇಲೆತ್ತಿ,
ಮಣಿಕಟ್ಟಿನ ತುಂಬ ಬಳೆ,
ಬೆರಳ ಸಂದಿಯಲ್ಲಿ ನಿಂಬೆಹಣ್ಣು.

ಬಟ್ಟೆ ಒಗೆಯುತ್ತಿದ್ದ ಮುದುಕಿ ಅಂದಳು:
"ಮಾಸ್ತಮ್ಮ ಕನಪ್ಪ. ಗಂಡನ್ ಜೊತ್ಗೆ ಬೆಂಕಿಗೋದೋಳು."
ಗಂಡ ಪಕ್ಕದ ಕಲ್ಲಿನಲ್ಲಿದ್ದ, ಇಡಿಯಾಗಿ,
ಕುದುರೆ, ಕತ್ತಿ, ಮೀಸೆ,
ಮೇಲಂತಸ್ತಿನಲ್ಲಿ ಚಾಮರ ಬೀಸುವ ಅಪ್ಸರೆಯರು.
ಅವಳದು ಕೈ ಮಾತ್ರ.

ಚನ್ನಾಜ ಬ್ಯಾಗಿನಿಂದ ಟೇಪು ತೆಗೆದಳು.
ರವಿಕೆ ಹೊಲಿಯುವವಳು, ಟೇಪಿಲ್ಲದೆ ಹೊಸಿಲು ದಾಟಳು.
ಪಾಚಿ ಒರೆಸಿದಳು, ತೋಳಿನ ಸುತ್ತ ಹಿಡಿದಳು,
ಮೊಣಕೈಯಿಂದ ಮಣಿಕಟ್ಟಿನವರೆಗೆ ಎಳೆದಳು.
"ಸಣ್ಣ ತೋಳು ಕಣ್ರಿ. ಹದಿನೈದೋ ಹದಿನಾರೋ.
ಇನ್ನೂ ಬೆಳೆಯೋ ಮೈ. ನಾನಾಗಿದ್ರೆ
ಒಳಗೆ ಎರಡಿಂಚು ಬಟ್ಟೆ ಮಡಿಸಿ ಬುಟ್ಟಿರ್ತಿದ್ದೆ."

ನನ್ನ ತಲೆ ಲೆಕ್ಕಕ್ಕೆ ಹೊರಟು ನಿಂತಿತು.
ಕಲ್ಲಿನಲ್ಲಿ ಅಂಕಿಯೇ ಇರಲಿಲ್ಲ.
ಯಾವುದರಲ್ಲಿ ಯಾವುದನ್ನು ಕಳೆಯಲಿ?

ವಾಪಸು ಬರುವಾಗ ಮುಸ್ಸಂಜೆ.
ಹೆದ್ದಾರಿ ಸೇರುವಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ,
ಎಡಗನ್ನಡಿಯಲ್ಲಿ ಕಂಡಿದ್ದು ಇಷ್ಟೇ:
ತೋಳು, ಬಳೆ, ನಿಂಬೆಹಣ್ಣು.
ಮುಖವಿಲ್ಲ.

"ಚನ್ನಾಜ, ಕೈ ಒಳಗೆ ತಗೊ."
"ತಿರುಗ್ಬೇಕಲ್ಲ?"
"ತಗೊ ಅಂದೆ."

ಬಸ್ಸಿನವನು ಹಾರ್ನ್ ಒತ್ತಿ, ಬೈದು, ಹೋದ.
ಹಿಂದಿದ್ದವರೆಲ್ಲ ಹೋಗಲೆಂದು
ನಾನು ಹುಣಸೆಮರದಡಿ ಕಾರು ನಿಲ್ಲಿಸಿ ಕಾದೆ.
ಅವಳು ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ
ನಿಂಬೆಯನ್ನು ಹಲ್ಲಿನಲ್ಲಿ ಕಚ್ಚಿ,
ಹುಳಿಗೆ ಒಂದು ಕಣ್ಣು ಮುಚ್ಚಿ,
ಉಳಿದರ್ಧ ನನ್ನ ಬಾಯಿಗೆ ಹಿಡಿದಳು.