ಹಾಜರಿ

ಬಾಗಿಲು ಬಡಿದವರು ಪಾಲಿಕೆಯವರು.
ಒಳಗೆ ಹೋದವನು ನಾನು,
ಪಶು ಆಸ್ಪತ್ರೆಯ ಕಾಂಪೌಂಡರ್,
ಮೂಗಿನ ಹೊಳ್ಳೆಗೆ ವಿಕ್ಸ್ ಮೆತ್ತಿಕೊಂಡು.
ದಾವಣಗೆರೆಯ ಹಳೇ ಗಿರಣಿ ಚಾಳು, ಒಂದೂವರೆ ಕೋಣೆ.
ಮೊದಲು ಕಣ್ಣು ಉರಿಯಿತು,
ಆಮೇಲೆ ಕಣ್ಣುಗಳು ಕಂಡವು:
ಹೊಲಿಗೆ ಮಿಷನ್ನಿನ ಪೆಡಲಿನ ಕೆಳಗೆ,
ಸುತ್ತಿಟ್ಟ ಹಾಸಿಗೆಯ ಸುರುಳಿಯೊಳಗೆ,
ಅಕ್ಕಿ ಡಬ್ಬಿಯಲ್ಲಿ. ಅಕ್ಕಿ ಇರಲಿಲ್ಲ.

ನಲವತ್ತೊಂದು, ಎಂದು ಬರೆದೆ.
'ನಲವತ್ಮೂರು,' ಅಂದಳು ಅಂಬೂಬಾಯಿ
ಹೊಸ್ತಿಲ ಮೇಲೆ ಕೂತು, ನನ್ನ ಮುಖ ನೋಡದೆ.
'ಇಬ್ರು ರಾತ್ರಿ ಪಾಳಿ. ಬೆಳಿಗ್ಗೆ ಬಿಡ್ತಾರೆ.'

ಕಾರ್ಡಿಗೆ ಹೆಸರು ಬೇಕಿತ್ತು. ಕೇಳಿದೆ.
ತಡವರಿಸದೆ ಹೇಳುತ್ತ ಹೋದಳು:
ವೈಂಡಿಂಗಿನ ತಿಪ್ಪಮ್ಮ, ಸ್ಪಿನ್ನಿಂಗಿನ ಹಾಲೇಶಿ,
ಜಾಬರ್ ಖಲಂದರ್, ಬಾಯ್ಲರಿನ ಮುಕುಂದಪ್ಪ,
ಟೈಮ್‌ಕೀಪರ್ ಪರಶುರಾಮರಾಯರು
(ಇವರೊಬ್ಬರಿಗೇ ಬಹುವಚನ),
ಕೂಸಿಗೆ ಹಾಲೂಡಿಸಲು ಅರ್ಧ ಗಂಟೆ ಹೊರಗೆ ಹೋಗಿ
ದಂಡ ಕಟ್ಟಿದ ಗುಲಾಬಿ.
ಹದಿನೆಂಟನೇ ಕಾರ್ಡಿಗೆ ಪೆನ್ನು ನಿಂತಿತು.
ನಮ್ಮಪ್ಪನೂ ಅದೇ ಗಿರಣಿ.
ಹೆಸರು ಬರುತ್ತದೇನೋ ಎಂದು ಕೊನೆಯವರೆಗೆ ಕಾದೆ.
ಬರಲಿಲ್ಲ. ಬೇರೆ ಪಾಳಿ ಇದ್ದಿರಬೇಕು.

'ಎರಡು ಇಟ್ಕೋ ಅಜ್ಜಿ, ಉಳಿದಿದ್ದು ಕೊಡು,' ಎಂದರು ಸಾಹೇಬರು.
'ಯಾರ್ನ ಇಟ್ಕೊಳ್ಲಿ, ಯಾರ್ನ ಬಿಡ್ಲಿ?
ಅದು ಮ್ಯಾನೇಜರ್ ಕೆಲ್ಸ. ನಾ ಮಾಡಂಗಿಲ್ಲ.'
ಎಲ್ಲರನ್ನೂ ಕೊಟ್ಟಳು.
ಬೆಳಿಗ್ಗೆ ಬಂದ ಇಬ್ಬರನ್ನು ನಾನು ಬರೆದುಕೊಳ್ಳಲಿಲ್ಲ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದಂತೆ.
ನಾನು ಟಿವಿಎಸ್ ಹಿಂದೆ ಟೊಮೆಟೊ ಕ್ರೇಟು ಕಟ್ಟಿಕೊಂಡು
ಏಳರ ಮಗ್ಗಿ ಮುಗಿಯುವಷ್ಟು ತಿರುಗಿದೆ,
ಹುಳದ ಔಷಧ ಕುಡಿಸಿ, ಆಪರೇಷನ್ ಮಾಡಿಸಿ,
ಮೊಣಕೈವರೆಗೆ ಪರಚಿಸಿಕೊಂಡು.
ಮಂಡಕ್ಕಿ ಭಟ್ಟಿಯ ದಾದಾಪೀರ್ ನಾಲ್ಕು ಇಳಿಸಿಕೊಂಡ;
ಇಲಿಗಳಿಗೆ ಮೊದಲೇ ಸುದ್ದಿ ಮುಟ್ಟಿತ್ತು ಅನ್ನುತ್ತಾನೆ.
ಬೆಣ್ಣೆ ದೋಸೆ ಹೋಟೆಲಿನವ ಕೈ ಮುಗಿದ:
'ಬೆಣ್ಣೇನೂ ಬೆಕ್ಕೂ ಒಂದೇ ಕಡೆ ಇಡು ಅಂತೀರಲ್ರೀ!'
ಶಿವಗಂಗಮ್ಮ ಟೀಚರ್, 'ಮೊಸರನ್ನ ತಿಂದರೆ ಇರಲಿ,' ಎಂದರು.
ಗುಲಾಬಿ ತಿಂದಳು.
ಹಿತ್ತಿಲು ಹಾರಿ ಪಕ್ಕದ ಮನೆಯಲ್ಲಿ ಮೀನೂ ತಿಂದಳು.
ಇದನ್ನು ಟೀಚರಿಗೆ ಹೇಳಿಲ್ಲ.

ಬಿಳೀದು ಐತಾ, ಅಂತಲೇ ಎಲ್ಲರ ಫೋನು.
ಕರಿ ತಿಪ್ಪಮ್ಮ ಐದು ವಾರ ಪಂಜರದಲ್ಲಿ.
ಕೊನೆಗೆ ರೈಲ್ವೆ ಗೇಟಿನ ಓಬಳೇಶ:
'ದಿನಕ್ಕೆ ಇಪ್ಪತ್ತು ಸಲ ಊರಿಗೇ ಅಡ್ಡ ನಿಲ್ಲೋನು ನಾನು.
ಇದು ನಂಗೆ ಅಡ್ಡ ಬಂದ್ರೆ ಏನಾಗ್ತೈತಿ? ಕೊಡ್ರಿ ಇಲ್ಲಿ.'

ಪರಶುರಾಮರಾಯರು ಆರು ಮನೆಯಿಂದ ವಾಪಸ್.
ಪರದೆ ಹರಿದರು, ತೊಟ್ಟಿಲಲ್ಲಿ ಮಲಗಿದರು;
ಡೆಂಟಲ್ ಕಾಲೇಜಿನ ಹುಡುಗಿಯೊಬ್ಬಳು
ವಾರ್ಡನ್ನಿಗೆ ಹೆದರಿ, ಏಪ್ರನ್ನಿನಲ್ಲಿ ಸುತ್ತಿ ತಂದು ಅತ್ತಳು.
ಏಳನೆಯದು ನಮ್ಮ ಮನೆ.
ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.
ಅವರ ಜೊತೆ ಆಡುತ್ತಾಳೆ.

ಹೊಸ ಮನೆಗಳಲ್ಲಿ ಹೊಸ ಹೆಸರು.
ಜಾಬರ್ ಖಲಂದರ್ ಈಗ ಪಿಂಕಿ.
ಇದನ್ನೂ ಹೇಳಿಲ್ಲ.

ಭಾನುವಾರ ಚಾಳಿಗೆ ಹೋಗುತ್ತೇನೆ.
ತೊಳೆದ ನೆಲ, ಫಿನಾಯಿಲ್ ವಾಸನೆ, ಡಬ್ಬಿಯಲ್ಲಿ ಅಕ್ಕಿ.
ರಾತ್ರಿ ಪಾಳಿಯವರಿಬ್ಬರೂ ನಿದ್ದೆಯಲ್ಲಿ.
ಅಂಬೂಬಾಯಿ ಕೂಗುತ್ತಾಳೆ, ಮೆಲ್ಲಗೆ, ಅವರು ಏಳದ ಹಾಗೆ:
ತಿಪ್ಪಮ್ಮ?
ಹಾಜರ್.
ಖಲಂದರ್?
ಹಾಜರ್.
ಮುಕುಂದಪ್ಪ?
ಹಾಜರ್, ಭಟ್ಟಿ ಹತ್ರ.
'ಅವಂಗೆ ಮೊದ್ಲಿಂದ ಬೆಂಕಿ ಅಂದ್ರೆ ಜೀವ.'
ಹಾಲೇಶಿ?

ಹಾಲೇಶಿಗೆ ವಾಂತಿ ಶುರುವಾದದ್ದು ಮಂಗಳವಾರ.
ಗುರುವಾರ, ಬಾಟಲಿಯಲ್ಲಿ ಇನ್ನೂ ಅರ್ಧ ಗ್ಲೂಕೋಸ್ ಇರುವಾಗ,
ಸೂಜಿ ಬಿಚ್ಚಿದೆ.

ರಜೆ, ಅಂದೆ.

ಅವಳು ಸೆರಗಿನ ತುದಿಯಿಂದ ಒಂದು ದಾರ ಎಳೆದಳು.
ಅದು ತುಂಡಾಯಿತು.
ಎರಡು ತುದಿ ಸೇರಿಸಿ, ನೋಡದೆ, ಬೆರಳಲ್ಲೇ ಗಂಟು ಹಾಕಿದಳು,
ವೈಂಡಿಂಗಿನವರು ಹಾಕುವ ಹಾಗೆ.
'ಪಗಾರ ಹಿಡೀಬ್ಯಾಡ್ರಿ,' ಅಂದಳು.
'ಹೊಟ್ಟೆಪಾಡಿನ ಮನುಷ್ಯ.'