ಪಂಚಮಿ

ಸರಾತೊವ್‌ನ ಟ್ರಾಲಿಬಸ್ಸಿನ ಕಿಟಕಿಗೆ
ಒಳಗಿನಿಂದಲೇ ಹಿಮ.
ತಯಿಸಿಯಾ ಲ್ವೋವ್ನಾ ಉಗುರಿನಿಂದ ಗೀರುತ್ತಾಳೆ
ತನ್ನದೇ ಅರ್ಧ ಸಾಲು.
ಉಳಿದರ್ಧ ಚೀಲದಲ್ಲಿದೆ,
ತಿದ್ದದ ಉತ್ತರಪತ್ರಿಕೆಯ ಬೆನ್ನಿಗೆ,
ಬೀಟ್‌ರೂಟಿನ ಕಲೆಯ ಪಕ್ಕ.

ಇವತ್ತು ಲ್ಯಾಟಿನ್ ತರಗತಿಗೆ ಮೂರೇ ಜನ.
ರೋಮಿನವರಿಗೆ ಅಗಲಿಕೆಗೆಂದೇ
ಒಂದು ವಿಭಕ್ತಿಯಿತ್ತು, ಎಂದಳು:
ಊರಿನಿಂದ, ಕೈಯಿಂದ, ಬೆಳಕಿನ ದೆಸೆಯಿಂದ.
‘ನಮ್ಮ ರಷ್ಯನ್ನಿಗೆ ಯಾಕಿಲ್ಲ?’
ಕೋಟು ಬಿಚ್ಚದೆ ಕೂತಿದ್ದ ಝಾಖರ್ ಕೇಳಿದ.
ಸ್ಕರ್ಟಿಗೆ ಸೀಮೆಸುಣ್ಣ ಒರೆಸಿಕೊಂಡಳು.
ಇತ್ತು ಮಗು. ಎಂದೋ ಸವೆದುಹೋಯಿತು,
ಬಳಸಿ ಬಳಸಿ.

ಹೀಟರು ಕೆಮ್ಮುತ್ತ ಹೊತ್ತಿಕೊಂಡಿತು.
ಗಾಜಿನ ಮೇಲೆ
ಮೊದಲು ಕರಗಿದ್ದು ಕ್ರಿಯಾಪದ.
ಆಮೇಲೆ ವೋಲ್ಗಾ ಕಂಡಿತು, ಬೂದು,
ಮೀನು ಹಿಡಿಯುವ ಇಬ್ಬರು.

‘ಕೊನೇ ಸ್ಟಾಪು, ಇಳೀರಿ,’ ಡ್ರೈವರಮ್ಮ ಕೂಗಿದಳು.
‘ಎಲ್ಲಿಂದ?’ ಅಂದಳು ಇವಳು.