ಎಡಗಣ್ಣಿನ ನೀಲಿ

ಮರ್ಗಿಲಾನಿನಲ್ಲಿ ಬಣ್ಣ ಅದ್ದುವ ಹೊಸಿಯತ್‌ಗೆ
ಎಪ್ಪತ್ತೊಂದನೆಯ ವಯಸ್ಸಿನಲ್ಲಿ
ಬಲಗಣ್ಣಿನ ಪೊರೆ ತೆಗೆದರು.
ಎಡಗಣ್ಣು ಆರು ವಾರ ಕಾಯಬೇಕಂತೆ.

ಪಟ್ಟಿ ಬಿಚ್ಚಿದಾಗ ಅವಳು ಮೊದಲು ಕೇಳಿದ್ದು:
‘ಗೋಡೆಗೆ ಯಾವಾಗ ಸುಣ್ಣ ಹೊಡೆಸಿದಿರಿ?’
ಯಾರೂ ಹೊಡೆಸಿರಲಿಲ್ಲ.
ಡಾಕ್ಟರ್ ದಿಲ್ಫೂಜಾ ನಕ್ಕಳು.

ಬಲಗಣ್ಣು ಮುಚ್ಚಿದರೆ ಆಸ್ಪತ್ರೆ, ಚಹಾದಲ್ಲಿ ನೆನೆದ ರೊಟ್ಟಿ.
ಎಡಗಣ್ಣು ಮುಚ್ಚಿದರೆ
ಅದೇ ಆಸ್ಪತ್ರೆ, ಈಗಷ್ಟೇ ಒಡೆದ ಮೊಟ್ಟೆಯ ಒಳಮೈ.
ಬಸ್ಸಿನಲ್ಲಿ ದಾರಿಯುದ್ದಕ್ಕೂ
ಒಂದು ಮುಚ್ಚಿ ಒಂದು ತೆರೆದು ನೋಡುತ್ತ ಬಂದಳು;
ಎದುರು ಸೀಟಿನ ಹುಡುಗ
ಅಜ್ಜಿ ತನಗೆ ಕಣ್ಣು ಹೊಡೆದಳೆಂದು
ಕೆಂಪಾಗಿ ಕಿಟಕಿಗೆ ತಿರುಗಿದ.

ಅಂಗಳದಲ್ಲಿ, ಎರಡು ಹಿಪ್ಪುನೇರಳೆ ಮರಗಳ ನಡುವೆ
ಹೋದ ವಾರ ಒಣಹಾಕಿದ ನೂಲು.
ನಿಂತಲ್ಲೇ ನಿಂತಳು.
ಯಾರೋ ಕಿವಿಯ ಹತ್ತಿರ ತಗಡು ಬಡಿದಂಥ ನೀಲಿ.
‘ಇದನ್ನು ಯಾರು ಅದ್ದಿದ್ದು?’
‘ನೀನೇ’ ಅಂದ ಎರ್ಗಶ್, ಕರಬೂಜ ಹೆಚ್ಚುತ್ತ.
‘ಎಂಟು ವರ್ಷದಿಂದ ಹೀಗೇ. ತಾಷ್ಕೆಂಟಿನವರು ಇದಕ್ಕೆ
ನಿನ್ನ ಹೆಸರಿಟ್ಟಿದ್ದಾರಲ್ಲ.’

ಅವಳು ಅದ್ದುತ್ತಿದ್ದುದು ತಾಯಿಯ ನೀಲಿಯನ್ನು.
ಚಿಕ್ಕಂದಿನಲ್ಲಿ ಕಂಡದ್ದನ್ನು.
ಏಳು ಅದ್ದು ಸಾಕು ಅನ್ನುತ್ತಿದ್ದಳು ತಾಯಿ.
ಏಳರಲ್ಲಿ ಬಣ್ಣ ಏಳಲಿಲ್ಲ.
ಒಂಬತ್ತು. ಮರುವರ್ಷ ಹನ್ನೊಂದು.
ನೂಲು ಮೋಸ, ನೀರು ಮೋಸ, ಇಂಡಿಗೊ ಮಾರುವ ಶೇರ್‌ಅಲಿ ಮಹಾಮೋಸ;
ಅವನೊಡನೆ ಜಗಳಾಡಿ ಎರಡು ವರ್ಷ ಮಾತು ಬಿಟ್ಟಿದ್ದಳು.
ಅವನೀಗ ಮಣ್ಣಿನಡಿ.
ಹದಿಮೂರನೆಯ ಅದ್ದಿಗೆ ಕೊನೆಗೂ
ನೆನಪಿನ ನೀಲಿಗೂ ಕಣ್ಣಿಗೆ ಬಿದ್ದ ನೀಲಿಗೂ
ರಾಜಿಯಾಗಿತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಅನ್ನುತ್ತೇವೆ ನಾವು
ಎಷ್ಟು ಸಲೀಸಾಗಿ, ಯಾವಾಗಲೂ ಇನ್ನೊಬ್ಬರ ಕಣ್ಣಿಗೆ.
ನನ್ನ ಭಾಷೆಯಲ್ಲಿ ಪೊರೆ ಅಂದರೆ ಕಣ್ಣಿನ ಮಬ್ಬು,
ಹಾವು ಕಳಚಿಹೋದ ಮೈ,
ಮತ್ತೆ, ಹಳೆಯ ಮಾತಿನಲ್ಲಿ, ಸಲಹು.
ಅವಳ ಊರಿನವರು ನೂಲಿಗೆ ಗಂಟು ಕಟ್ಟಿ ಅದ್ದಿ
ಅಂಚು ಕದಡಿದ ಬಣ್ಣಕ್ಕೆ ಮೋಡ ಅನ್ನುತ್ತಾರೆ.
ಎಂಟು ವರ್ಷ ಒಂದು ಮೋಡದೊಳಗೆ ಕೂತು
ಇನ್ನೊಂದನ್ನು ಕಟ್ಟಿದಳು;
ಯಾವುದು ಯಾವುದನ್ನು ಪೊರೆಯಿತೋ.

ಕನ್ನಡಿಯ ವಿಚಾರ ಬೇಡ.
ಒಂದೇ ಸಲ ನೋಡಿದಳು, ಬಲಗಣ್ಣಿನಿಂದ.
ಮೇಲೆ ಟವೆಲು ಹಾಕಿದಳು.

ರಾತ್ರಿ ಪೆಟ್ಟಿಗೆಯ ತಳದಿಂದ
ತಾಯಿಯ ತಲೆವಸ್ತ್ರ ತೆಗೆದಳು.
ಕೊನೆಯ ವರ್ಷ ಕೋಕಂದಿನಲ್ಲಿ, ತಂಗಿಯ ಮನೆಯಲ್ಲಿ
ತಾಯಿ ತಾನೇ ಅದ್ದಿದ್ದು;
ಸಾವಿನ ಮನೆಯಿಂದ ಮಡಿಸಿದಂತೆಯೇ ತಂದು
ಬಿಡಿಸದೆ ಇಟ್ಟಿದ್ದು.
ಈಗ ಬಿಡಿಸಿದಳು.
ಅದೇ ತಗಡಿನ ಸದ್ದು.
ಅದ್ದು ಎಷ್ಟೆಂದು ಕೇಳಬೇಕಿಲ್ಲ, ಬೆರಳಿಗೆ ಗೊತ್ತು.
ಏಳು ಸಾಕು ಅಂದವಳು, ಅಲ್ಲಿ, ಆ ಮನೆಯ ಹಿತ್ತಲಲ್ಲಿ,
ಯಾರ ನೀಲಿಯನ್ನು ಹುಡುಕುತ್ತ
ಯಾರ ಮೇಲೆ ಸಿಟ್ಟಾಗುತ್ತ
ಹದಿಮೂರರ ತನಕ ಹೋದಳೋ.

ಆರು ವಾರಕ್ಕೆ ಸರಿಯಾಗಿ ದಿಲ್ಫೂಜಾ ಫೋನು:
‘ಮಂಗಳವಾರ ಬಂದುಬಿಡಿ, ಇನ್ನೊಂದನ್ನೂ ಮುಗಿಸೋಣ.’
‘ಈ ಮಂಗಳವಾರ ಆಗದು ತಾಯಿ,
ನಲವತ್ತು ಮೀಟರ್ ಮದುವೆ ಬಟ್ಟೆ,
ಅವರಿಗೆ ಹಳೆಯ ನೀಲಿಯೇ ಬೇಕಂತೆ.’
ಎಷ್ಟು ಹಳೆಯದು ಅಂತ ಅವರೂ ಹೇಳಲಿಲ್ಲ,
ಇವಳೂ ಕೇಳಲಿಲ್ಲ.

ಬಾನಿಯಿಂದ ಎತ್ತುವಾಗ ನೂಲು ಹಸಿರು.
ಗಾಳಿ ತಾಗಿದ ಮೇಲೆ, ನಿಧಾನಕ್ಕೆ, ನೀಲಿ.
ಆ ನಡುವಿನ ಗಳಿಗೆಗೆ ಅವಳು ಎರಡೂ ಕಣ್ಣು ತೆರೆದಿಡುತ್ತಾಳೆ.

ಸಂಜೆ ಎರ್ಗಶ್ ಚಹಾ ತಂದಾಗ ಮಾತ್ರ
ಬಲಗಣ್ಣು ಮುಚ್ಚುತ್ತಾಳೆ.
‘ಮತ್ತೆ ಉರಿಯುತ್ತಿದೆಯಾ?’
‘ಇಲ್ಲ. ಅಲ್ಲೇ ಇರು.
ಇನ್ನೂ ಸ್ವಲ್ಪ ಮರದ ಕಡೆಗೆ.’